ಎಡಹುಬ್ಬಿನ ಗೆರೆ

ಫೋಟೋ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರ ಹೆಸರು ಬೋರ್ಡಿನ ಮೇಲಿರುತ್ತದೆ. ಒಳಗೆ ಕಿಟಕಿ ಪಕ್ಕ ಕೂತು ಮುಖ ತಿದ್ದುವವರ ಹೆಸರು ಎಲ್ಲೂ ಇರುವುದಿಲ್ಲ. ಬೀರೂರಿನ ಒಂದು ಸ್ಟುಡಿಯೋದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಆ ಕಿಟಕಿ ಪಕ್ಕ ಕೂತವಳು ನಾನು. ಗಿರಾಕಿಗಳ ಬಾಯಲ್ಲಿ ಟಚಿಂಗ್ ವಿಮಲಕ್ಕ. ಈಗ ಕಂಪ್ಯೂಟರ್ ಮುಂದೆ ಕೂತು ಇದೇ ಕೆಲಸ ಮಾಡುವ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಅವರಿಗೆ ಹೇಳಬೇಕಾದ್ದು ಒಂದಿಷ್ಟಿದೆ. ಮನೆಯಲ್ಲಿ ಕೂತು ಅವರೆಕಾಳು ಸುಲಿಯುತ್ತ ಹೇಳಿದ್ದನ್ನೇ ಎಷ್ಟು ಸಲ ಹೇಳಲಿ ಅಂತ ಬರೆಯೋಕೆ ಕೂತೆ.

ಕೆಲಸ ಕಲಿತದ್ದು ತರೀಕೆರೆಯಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದಾಗ. ಕಲಿಸಿದವರು ಒಬ್ಬ ವಯಸ್ಸಾದ ಫೋಟೋಗ್ರಾಫರು. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಮೊದಲ ಆರು ತಿಂಗಳು ಅವರು ನನ್ನ ಕೈಲಿ ಪೆನ್ಸಿಲ್ ಚೂಪು ಮಾಡಿಸಿದರು, ಅಷ್ಟೇ. ಮೆಂಡರ್‌ನಲ್ಲಿ ಅಲ್ಲ, ಮರಳು ಕಾಗದದ ಮೇಲೆ ತಿರುಗಿಸಿ ತಿರುಗಿಸಿ ಸೂಜಿ ಮೊನೆ ಬರಬೇಕು. ಮೊನೆ ಮುರಿದರೆ ಬೈಯುತ್ತಿರಲಿಲ್ಲ, ಇನ್ನೊಂದು ಪೆನ್ಸಿಲ್ ಮುಂದೆ ಇಡುತ್ತಿದ್ದರು. ಅದು ಬೈಗುಳಕ್ಕಿಂತ ಜೋರಾಗಿ ತಾಗುತ್ತಿತ್ತು.

ಆಗಿನ ನಮ್ಮ ಮೇಜು ಓರೆಯಾಗಿರುತ್ತಿತ್ತು. ನಡುವೆ ಮಂಜು ಗಾಜು, ಅದರಡಿ ಒಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಕೆಳಗಿಂದ ಮೇಲೆ ಬರುತ್ತಿತ್ತು. ನೆಗೆಟಿವ್ ಇಟ್ಟರೆ ಎಲ್ಲವೂ ತಿರುಗುಮುರುಗು. ಕೂದಲು ಬೆಳ್ಳಗೆ, ಅಂಗಿ ಕಪ್ಪಗೆ, ಎಡ ಬಲಕ್ಕೆ, ಬಲ ಎಡಕ್ಕೆ. ಮುಖದ ಮೇಲಿನ ಕಪ್ಪು ಕಲೆ, ಮೊಡವೆ, ಕಣ್ಣಡಿಯ ಗುಳಿ ಇವೆಲ್ಲ ನೆಗೆಟಿವ್‌ನಲ್ಲಿ ತೆಳ್ಳಗೆ ಕಾಣುತ್ತವೆ. ಅವನ್ನು ಪೆನ್ಸಿಲಿನಿಂದ ತುಂಬಬೇಕು. ಬಿಳಿಚಿದ ಗಾಯದ ಗುರುತಾದರೆ ಅದು ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೆ ಪೆನ್ಸಿಲ್ ನಡೆಯದು, ಬ್ಲೇಡಿನ ತುದಿಯಲ್ಲಿ ಕೆರೆಯಬೇಕು. ಪೆನ್ಸಿಲಿನ ತಪ್ಪನ್ನು ಹತ್ತಿಯಿಂದ ಒರೆಸಿಬಿಡಬಹುದು. ಬ್ಲೇಡಿನ ತಪ್ಪನ್ನು ಒರೆಸೋಕೆ ಆಗಲ್ಲ.

ಬೀರೂರಿಗೆ ಮದುವೆಯಾಗಿ ಬಂದ ಮೇಲೆ ರೈಲ್ವೆ ಸ್ಟೇಷನ್ ಕಡೆಯ ಸ್ಟುಡಿಯೋಕ್ಕೆ ಸೇರಿದೆ. ಆ ಸ್ಟುಡಿಯೋದ ಯಜಮಾನರದು ಮಾತು ಕಡಿಮೆ, ಶಿಸ್ತು ಜಾಸ್ತಿ. ಹತ್ತು ಗಂಟೆಗೆ ಬಾ ಅಂದರೆ ಹತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿ ಇರಬೇಕು. ಒಂದು ದಿನವೂ ನನ್ನ ಕೆಲಸ ಚೆನ್ನಾಗಿದೆ ಅಂದವರಲ್ಲ. ಆದರೆ ಕಷ್ಟದ ಮುಖ ಬಂದರೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಅಜ್ಜಂಪುರದ ಒಂದು ಹುಡುಗಿಯ ಫೋಟೋ ಹೇಳಲೇಬೇಕು. ವರನ ಕಡೆಗೆ ಕಳಿಸೋಕೆ ತೆಗೆಸಿದ್ದು. ಅವಳ ಗಲ್ಲದ ಮೇಲೆ ಹೆಸರುಕಾಳಿನಷ್ಟು ಮಚ್ಚೆ. ಯಾರೂ ಹೇಳಿರಲಿಲ್ಲ, ನಾನೇ ಒಳ್ಳೆಯದಾಗಲಿ ಅಂತ ತೆಗೆದುಬಿಟ್ಟೆ. ಗಂಡಿನ ಕಡೆಯವರು ನೋಡೋಕೆ ಬಂದವರು, ಫೋಟೋದಲ್ಲಿದ್ದ ಹುಡುಗಿ ಎಲ್ಲಿ, ಇವಳು ಅವಳ ತಂಗಿಯಾ ಅಂತ ಕೇಳಿದರಂತೆ. ಹುಡುಗಿಯ ಅಪ್ಪ ಬಂದು ಅಂಗಡಿ ಬಾಗಿಲಲ್ಲಿ ನಿಂತು ನಮ್ಮ ಯಜಮಾನರಿಗೆ ಮಂಗಳಾರತಿ ಎತ್ತಿದರು. ಆವತ್ತಿಂದ ನಮ್ಮಲ್ಲಿ ಒಂದು ನಿಯಮ ಆಯಿತು. ಹೆಣ್ಣುಮಕ್ಕಳ ಫೋಟೋದಲ್ಲಿ ಕೇಳದೆ ಏನೂ ತೆಗೆಯಬಾರದು. ಗಂಡಸರ ಬಗ್ಗೆ ಯಾರಿಗೂ ಯೋಚನೆ ಬರಲಿಲ್ಲ. ಗಂಡಸರು ಫೋಟೋ ಕೈಗೆ ಕೊಟ್ಟರೆ ಜೇಬಿಗೆ ಹಾಕಿಕೊಂಡು ಹೋಗುವವರು. ಹುಬ್ಬು ನೋಡುವವರು ಯಾರು ಅಂದುಕೊಂಡಿದ್ದೆವು.

ಸೈನ್ಯಕ್ಕೆ ಸೇರುವ ರ‍್ಯಾಲಿ ಇದೆ ಅಂದರೆ ನಮಗೆ ಹಬ್ಬದ ಕೆಲಸ. ಕಡೂರು, ಹಿರೇನಲ್ಲೂರು ಕಡೆಯ ಹುಡುಗರು ಗುಂಪುಗುಂಪಾಗಿ ಬಂದು ಅರ್ಜಿಗೆ ಫೋಟೋ ತೆಗೆಸುತ್ತಿದ್ದರು. ಅಂಥ ಒಂದು ದಿನ ಬಂದವನು ಮಂಜುನಾಥ. ಹಿರೇನಲ್ಲೂರು ಹೋಬಳಿಯ ಹಳ್ಳಿಯವನು, ರಾಗಿ ಹೊಲ, ಒಂದಿಷ್ಟು ತೆಂಗು ಇದ್ದ ಮನೆ. ಉದ್ದಕ್ಕೆ ಬಿದಿರಿನಂಗೆ ಇದ್ದ. ನೆತ್ತಿಯ ಸುಳಿಯ ಹತ್ತಿರ ಒಂದು ಹಿಡಿ ಕೂದಲು ನೆಟ್ಟಗೆ ನಿಂತಿತ್ತು. ನಮ್ಮ ಕನ್ನಡಿ ಮುಂದೆ ನೀರು ಹಚ್ಚಿ ಹಚ್ಚಿ ಬಾಚಿದ. ಬಾಚಣಿಗೆ ತೆಗೆದ ಕೂಡಲೇ ಅದು ಮತ್ತೆ ಎದ್ದು ನಿಂತಿತು. ಸಾಲಿನಲ್ಲಿದ್ದ ಹುಡುಗರೆಲ್ಲ ನಕ್ಕರು, ಅವನೂ ನಕ್ಕ.

ಅವನ ಎಡಹುಬ್ಬಿನ ಮೇಲೆ ಬಿಳಿ ಗೆರೆ ಇತ್ತು. ಹಳೇ ಗಾಯ. ಮೈಮೇಲೆ ಗಾಯದ ಗುರುತಿದ್ದರೆ ರ‍್ಯಾಲಿಯಲ್ಲಿ ವಾಪಸ್ ಕಳಿಸುತ್ತಾರೆ ಅಂತ ಹುಡುಗರ ನಡುವೆ ಒಂದು ಗಾಳಿಸುದ್ದಿ. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ಪಾಪ, ಒಳ್ಳೇ ಹುಡುಗ, ಸೇರಲಿ ಅಂದುಕೊಂಡು ಬ್ಲೇಡ್ ತಗೊಂಡೆ. ಅಚ್ಚುಕಟ್ಟಾಗಿ ಕೆರೆದೆ. ಹುಬ್ಬಿನ ಕೂದಲು ಕಡಿದ ಜಾಗವನ್ನೂ ಸರಿ ಮಾಡಿದೆ. ನನ್ನ ಕೈಚಳಕದ ಬಗ್ಗೆ ನನಗೇ ಹೆಮ್ಮೆ ಆಯಿತು.

ಮಾರನೇ ದಿನ ಪ್ರಿಂಟ್ ತಗೊಳ್ಳೋಕೆ ಬಂದವನು ಒಮ್ಮೆ ಫೋಟೋ ನೋಡಿದ, ಒಮ್ಮೆ ನನ್ನ ನೋಡಿದ.

"ನನ್ನ ಗೆರೆ ಎಲ್ಲೋಯ್ತಕ್ಕಾ?"

ಸೆಲೆಕ್ಷನ್ ಆಗ್ಲಿ ಅಂತ ತೆಗೆದೆ ಕಣಪ್ಪಾ ಅಂದೆ.

"ಆಯ್ತು ಬಿಡಕ್ಕ. ಮನೇಲಿ ತೋರ್ಸಲ್ಲ. ಇದಿಲ್ದಿದ್ರೆ ನಮ್ಮವ್ವ ಒಳಕ್ಕೇ ಸೇರ್ಸಲ್ಲ ನನ್ನ," ಅಂತ ನಗುತ್ತ ಹೋದ. ನಾನೂ ನಕ್ಕು ಮರೆತೆ.

ಅವನು ಸೇರಿಕೊಂಡು ಕೆಲವು ವರ್ಷ ಆಗಿತ್ತು. ಒಂದು ಬೇಸಿಗೆ ಗಡಿಯ ಬೆಟ್ಟಗಳ ಮೇಲೆ ಯುದ್ಧ ಶುರುವಾಯಿತು. ನಮ್ಮ ಸೀಮೆಯ ಒಬ್ಬ ಯೋಧ ತೀರಿಹೋದ ಅಂತ ಸುದ್ದಿ ಬಂತು. ಪೆಟ್ಟಿಗೆ ಬಂದ ದಿನ ಬೀರೂರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನಾನೂ ರಸ್ತೆ ಬದಿ ನಿಂತಿದ್ದೆ. ಲಾರಿಯ ಮೇಲೆ ಹೂವು ಕಂಡಿತು, ಹೂವಿನಡಿ ಬಾವುಟ ಕಂಡಿತು. ಮಂಜುನಾಥ ಅಂತ ಹೆಸರು ಕೂಗುತ್ತಿದ್ದರು. ಆದರೂ ಇವನೇ ಅಂತ ನನಗೆ ಹೊಳೆಯಲಿಲ್ಲ. ನಮ್ಮ ಕೆಲಸದವರಿಗೆ ಮುಖ ನೆನಪಿರುತ್ತದೆ, ಹೆಸರು ರಸೀದಿ ಪುಸ್ತಕದಲ್ಲಿರುತ್ತದೆ.

ಒಂದೆರಡು ತಿಂಗಳಾದ ಮೇಲೆ ಅವನ ಅಣ್ಣ ನಾಗರಾಜ ಸ್ಟುಡಿಯೋಕ್ಕೆ ಬಂದ. ಓದಿದ ಶಾಲೆಯವರು ತಮ್ಮನ ದೊಡ್ಡ ಫೋಟೋ ಕೇಳಿದ್ದಾರೆ, ಮನೆಗೂ ಒಂದು ಬೇಕು ಅಂದ. ಅವನ ಹತ್ತಿರ ಇದ್ದದ್ದು ಎರಡು ಫೋಟೋ. ಅಕ್ಕನ ಮದುವೆಯದರಲ್ಲಿ ಮಂಜುನಾಥ ಎಲ್ಲರ ಹಿಂದೆ ನಿಂತಿದ್ದ, ಮುಖ ಮೆಣಸುಕಾಳಿನಷ್ಟು. ಸೈನ್ಯದಿಂದ ಕಳಿಸಿದ್ದರಲ್ಲಿ ಟೋಪಿ ಹುಬ್ಬಿನ ತನಕ ಇಳಿದಿತ್ತು. ಟೋಪಿ ಇಲ್ಲದ್ದು ಬೇಕು ಅಂತ ಅವ್ವ ಹಟ ಹಿಡಿದಿದ್ದಾರೆ, ಮಂಜ ನಿಮ್ಮಲ್ಲಿ ಅರ್ಜಿಗೆ ತೆಗೆಸಿದ್ದನಂತೆ, ನೋಡ್ತೀರಾ ಅಂದ.

ಯಜಮಾನರು ಒಂದು ನೆಗೆಟಿವನ್ನೂ ಬಿಸಾಡಿದವರಲ್ಲ. ಬಿಸ್ಕತ್ತಿನ ಡಬ್ಬಿಗಳಲ್ಲಿ ನಂಬರು ಪ್ರಕಾರ ಇಟ್ಟಿರುತ್ತಿದ್ದರು. ಅರ್ಧ ದಿನ ಹುಡುಕಿ ತೆಗೆದೆವು. ಅವರೇ ಕತ್ತಲೆ ಕೋಣೆಯಲ್ಲಿ ನಿಂತು ದೊಡ್ಡ ಪ್ರಿಂಟ್ ಹಾಕಿದರು. ನೀರಿನ ತಟ್ಟೆಯಿಂದ ಎತ್ತಿದಾಗ ಆ ನಿಂತ ಕೂದಲು ನೋಡಿ ನನಗೆ ಗುರುತು ಸಿಕ್ಕಿತು. ಇವನಾ ಅಂತ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಗೆರೆಯ ಮಾತು ಆಗಲೂ ನೆನಪಾಗಲಿಲ್ಲ.

ಪ್ರಿಂಟ್ ನೋಡೋಕೆ ಅಪ್ಪ, ಅವ್ವ, ನಾಗರಾಜ ಮೂವರೂ ಬಂದರು. ಅಪ್ಪ ಸಣ್ಣಪ್ಪನವರು, ಅವ್ವ ಗೌರಮ್ಮ. ಪೆಟ್ಟಿಗೆ ತಂದ ಸೈನ್ಯದವರು ಅದನ್ನು ತೆಗೆಯೋದು ಬೇಡ ಅಂದಿದ್ದರಂತೆ. ಹಿಂದಿನ ರಜೆ ಮುಗಿಸಿ ಕಡೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ನೋಡಿದ್ದೇ ಆ ತಾಯಿ ಮಗನ ಮುಖ ಕೊನೇ ಸಲ ನೋಡಿದ್ದು. ಗೌರಮ್ಮ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅಳುತ್ತಾರೆ ಅಂತ ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಅಳಲಿಲ್ಲ.

"ಚೆಂದಾಗೈತೆ ಕಣವ್ವ," ಅಂದರು. "ಇದ್ರಲ್ಲಿ ಮಂಜ ಇಲ್ಲ."

ನಾಗರಾಜ, ಅವ್ವಾ ಅವನೇ ಕಣವ್ವ ನೋಡು ಅಂದ. ಆಕೆ ಹುಬ್ಬುಗಳ ಮೇಲೆ ಬೆರಳಾಡಿಸಿದರು. "ಅವ್ನ ಗೆರೆ ಇಲ್ವಲ್ಲೋ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಒಳಗೆ ಹೋಗಿ ನೆಗೆಟಿವನ್ನು ಗಾಜಿನ ಮೇಲಿಟ್ಟೆ. ಬ್ಲೇಡಿನ ಗುರುತು ನನ್ನದೇ. ಬೇರೆಯವರಿಗೆ ಕಾಣದು, ನನಗೆ ನನ್ನ ಕೈಬರಹದಷ್ಟು ಸ್ಪಷ್ಟ. ಹಿಂದೆ ಬಂದ ಯಜಮಾನರಿಗೂ ಗೊತ್ತಾಯಿತು. ಅವರು ಮೆಲ್ಲಗೆ, ಲೈಟು ಜೋರಾಗಿ ಬಿದ್ದು ಗೆರೆ ಮರೆಯಾಗಿದೆ ಅಂತ ಹೇಳಿಬಿಡೋಣ, ಅವರಿಗೂ ಸಮಾಧಾನ, ನಿನಗೂ ಒಳ್ಳೆಯದು ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆದರೆ ಹೊರಗೆ ಕೂತಾಕೆ ಅದನ್ನು ನಂಬಿದರೆ, ಬೆಳಕು ತಿಂದುಕೊಂಡಿತು ಅಂತ ಗೆರೆಯ ಆಸೆಯನ್ನೇ ಬಿಟ್ಟುಬಿಡುತ್ತಾರೆ. ತೆಗೆದವಳು ನಾನು ಅಂತ ಗೊತ್ತಾದರೆ ಕೇಳೋಕೆ ಒಂದು ಜಾಗವಾದರೂ ಇರುತ್ತದೆ.

ಹೊರಗೆ ಬಂದು ಇದ್ದದ್ದು ಇದ್ದಹಾಗೆ ಹೇಳಿದೆ. ಅವನು ನಕ್ಕು ಹೋದದ್ದನ್ನೂ, ಅವ್ವ ಒಳಕ್ಕೆ ಸೇರಿಸಲ್ಲ ಅಂದದ್ದನ್ನೂ ಹೇಳಿದೆ. ನಾಗರಾಜನ ಮುಖ ಕೆಂಪಾಯಿತು, ಏನೋ ಅನ್ನೋಕೆ ಬಾಯಿ ತೆಗೆದ. ಗೌರಮ್ಮ ಕೈ ಎತ್ತಿ ತಡೆದರು.

"ಹಂಗಂದ್ನಾ ಅವ್ನು?"

ಹೂಂ ಅಂದೆ.

"ತೆಗ್ದೋಳು ನೀನೇ ಅಂದ್ಮೇಲೆ ಇಕ್ಕೋಳೂ ನೀನೇ. ಇಕ್ಕೊಡು."

ಇಡಬಹುದು. ಆದರೆ ಎಲ್ಲಿ, ಎಷ್ಟುದ್ದ, ಯಾವ ಓರೆ? ಮೂರು ನಾಲ್ಕು ವರ್ಷದ ಹಿಂದೆ ಅರ್ಧ ಗಂಟೆ ನೋಡಿದ ಗೆರೆ ನನಗೆಲ್ಲಿ ನೆನಪಿರಬೇಕು? ಎರಡೂ ಹುಬ್ಬು ಒಂದೇ ಥರ ಕಾಣಲಿ ಅಂತ ಎರಡರ ಮೇಲೂ ಬ್ಲೇಡ್ ಆಡಿಸಿದ್ದೆ, ಆ ಗುರುತಿನಿಂದ ಗೆರೆಯ ಜಾಗ, ಆಕಾರ ತಿಳಿಯುವಂತಿರಲಿಲ್ಲ. ಅವರನ್ನೇ ಕೇಳಿದೆ. ಗೌರಮ್ಮ ತಮ್ಮ ಬಲಹುಬ್ಬು ಮುಟ್ಟಿಕೊಂಡರು. ಸಣ್ಣಪ್ಪನವರು ತಮ್ಮ ಎಡಹುಬ್ಬು ಮುಟ್ಟಿಕೊಂಡರು. ಇಬ್ಬರಿಗೂ ಅಲ್ಲೇ ಹತ್ತಿಕೊಂಡಿತು.

"ಹೆತ್ತೋಳು ನಾನು, ನಂಗೊತ್ತಿಲ್ವಾ?"

"ಹೆತ್ತಾಗ ಗೆರೆ ಇತ್ತೇನೇ?"

ನನಗೆ ತಟ್ಟನೆ ಹೊಳೆಯಿತು. ಗೌರಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡು ನೋಡಿದ ನೆನಪಿನಿಂದ ತೋರಿಸುತ್ತಿದ್ದಾರೆ, ಕನ್ನಡಿಯಲ್ಲಿ ಕಂಡಹಾಗೆ. ಸಣ್ಣಪ್ಪನವರು ಅವನ ಮೈಯ ಲೆಕ್ಕದಲ್ಲಿ ತೋರಿಸುತ್ತಿದ್ದಾರೆ. ದಿನವಿಡೀ ತಿರುಗುಮುರುಗು ಮುಖ ನೋಡುವವಳಿಗೆ ಇದು ಹೊಸದಲ್ಲ. ಫೋಟೋ ತೆಗೆಯುವಾಗ ಗಿರಾಕಿ ಕೂರುವ ಸ್ಟೂಲಿನ ಮೇಲೆ ನಾನು ಹೋಗಿ ಕೂತೆ. ನಿಮ್ಮ ಮುಖದ ಮೇಲೆ ಬೇಡ, ನಾನೇ ಮಂಜ ಅಂದುಕೊಂಡು ನನ್ನ ಮುಖದ ಮೇಲೆ ತೋರಿಸಿ ಅಂದೆ. ಟಚಿಂಗ್ ಪೆನ್ಸಿಲನ್ನೂ ಅವರ ಕೈಗೆ ಕೊಟ್ಟೆ.

ಗೌರಮ್ಮ ಪೆನ್ಸಿಲ್ ಬೇಡ ಅಂದರು. ನನ್ನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದರು, ಮಗುವಿಗೆ ಕಾಡಿಗೆ ಹಚ್ಚುವಾಗ ಹಿಡಿಯುವಂತೆ. ಹೆಬ್ಬೆರಳಿನಿಂದ ನನ್ನ ಎಡಹುಬ್ಬನ್ನು ಒಳಗಿಂದ ಹೊರಕ್ಕೆ ಸವರಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದರು. ಅವನ ತಲೆಗೆ ಎಣ್ಣೆ ತಿಕ್ಕುವಾಗ ಬೆರಳು ಅಲ್ಲಿ ತಡೆಯುತ್ತಿತ್ತಂತೆ. ಸಣ್ಣಪ್ಪನವರು ಬಂದು ಅದೇ ಜಾಗ ಮುಟ್ಟಿದರು, ಆದರೆ ಗೆರೆ ನೆಟ್ಟಗಿತ್ತು ಅಂದರು. ಬಾವಿ ಮೆಟ್ಟಿಲ ಮೇಲೆ ಬಿದ್ದಾಗ ಆದದ್ದು, ಕಲ್ಲಿನ ಅಂಚು ತಾಗಿದರೆ ನೆಟ್ಟಗೇ ಅಲ್ಲವಾ ಅಂತ ಅವರ ವಾದ. ಅಲ್ಲ, ಓರೆ ಇತ್ತು ಅಂತ ಗೌರಮ್ಮ.

ನಾಗರಾಜ ಇಷ್ಟೂ ಹೊತ್ತು ಪರದೆ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ಆ ಪರದೆಯ ಮೇಲೆ ಕೆರೆ, ಎರಡು ಹಂಸ ಬರೆದಿತ್ತು. ಅದನ್ನೇ ನೋಡುತ್ತಿದ್ದ. ನೀನೂ ಬಾರಪ್ಪ, ಒಟ್ಟಿಗೆ ಬೆಳೆದವನು ಅಂದೆ. ಬಂದ. ಪೆನ್ಸಿಲ್ ತಗೊಂಡ. ನನ್ನ ಹುಬ್ಬಿನ ಮೇಲೆ ಒಂದೇ ಸಲಕ್ಕೆ ಓರೆಯಾಗಿ ಗೆರೆ ಎಳೆದ. ಹುಬ್ಬಿನ ಕೆಳಗೆ ಸ್ವಲ್ಪ ಕೊಕ್ಕೆಯಂತೆ ತಿರುಗಿಸಿ ನಿಲ್ಲಿಸಿದ.

"ಮೆಟ್ಲಲ್ಲ ಅದು," ಅಂದ. "ಬುಗುರಿ ಮೊಳೆ. ನಾನು ಹೊಡ್ದಿದ್ದು."

ಅಣ್ಣ ಬೀಸಿದ ಬುಗುರಿ ದಾರದಿಂದ ತಪ್ಪಿ ತಮ್ಮನ ಹುಬ್ಬಿಗೆ ಬಡಿದಿತ್ತು. ಅಣ್ಣನಿಗೆ ಬೀಳುವ ಏಟು ತಪ್ಪಿಸೋಕೆ ತಮ್ಮನೇ ಬಾವಿಯ ಕಥೆ ಕಟ್ಟಿದ್ದ. ಎಂಟು ವರ್ಷದವನು ಕಟ್ಟಿದ ಕಥೆ, ಕೊನೇವರೆಗೂ ಬಿಡಲಿಲ್ಲ. ನಾಗರಾಜ ಇದನ್ನು ಹೇಳಿ ಪೆನ್ಸಿಲನ್ನು ನನ್ನ ಕೈಗೆ ವಾಪಸ್ ಕೊಡೋಕೆ ನೋಡಿದ, ಅದು ಜಾರಿ ಕೆಳಗೆ ಬಿತ್ತು. ಮೊನೆ ಮುರಿಯಿತು.

ಸಣ್ಣಪ್ಪನವರು, ಆವತ್ತೇ ಹೇಳಿದ್ದರೆ ಎರಡೇಟಿಗೆ ಮುಗಿದುಹೋಗುತ್ತಿತ್ತು ಅಂದರು. ಗೌರಮ್ಮನ ದುಃಖ ಬೇರೆಯೇ ಇತ್ತು.

"ಲೇ ನಾಗ, ಆ ಮೆಟ್ಲಲ್ಲಿ ಏನೋ ಐತೆ ಅಂತ ಪ್ರತಿ ಅಮಾಸೆ ಕಾಯಿ ಒಡ್ದೆನಲ್ಲೋ. ಹತ್ತ್ವರ್ಷ ಕಲ್ಲಿಗೆ ಕೈ ಮುಗ್ದೆನಲ್ಲೋ ನಾನು."

"ಆ ಕಾಯಿನೂ ಅವ್ನೇ ತಿಂತಿದ್ದ ಕಣವ್ವ."

ಮೊದಲು ನಕ್ಕವರು ಸಣ್ಣಪ್ಪನವರು. ಆಮೇಲೆ ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತ ನಗುತ್ತ ಅತ್ತರು. ನಾಗರಾಜ ಅವರ ಕಾಲ ಹತ್ತಿರ ನೆಲದ ಮೇಲೆ ಕೂತ. ಯಜಮಾನರು ನಗಲಾರದೆ ನಿಲ್ಲಲಾರದೆ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹುಬ್ಬಿನ ಮೇಲೆ ಪೆನ್ಸಿಲ್ ಗೆರೆ ಹೊತ್ತುಕೊಂಡು ಸ್ಟೂಲಿನ ಮೇಲೇ ಕೂತಿದ್ದೆ. ಅಳಿಸಿಹೋದೀತು ಅಂತ ಬೆವರೂ ಒರೆಸಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಯಜಮಾನರು ಮೊದಲು ಮಾಡಿದ ಕೆಲಸ ನನ್ನ ಹುಬ್ಬಿನ ಫೋಟೋ ತೆಗೆದದ್ದು. ಅದನ್ನು ಎದುರಿಗೆ ಅಂಟಿಸಿಕೊಂಡು ಕೂತೆ. ದೊಡ್ಡ ಪ್ರಿಂಟಿನ ಮೇಲೆ ಬ್ಲೇಡಿನ ತುದಿಯಿಂದ ಕೆರೆದರೆ ಕಾಗದದ ಬಿಳುಪು ಮೇಲೆ ಬರುತ್ತದೆ. ಅದನ್ನೇ ಗೆರೆ ಮಾಡಬೇಕು. ಒಂದು ಕೂದಲೆಳೆ ಹೆಚ್ಚಾದರೆ ಪ್ರಿಂಟ್ ಹಾಳು. ಮೊದಲನೆಯದು ಹಾಳಾಯಿತು, ಎರಡನೆಯದು ಆಳವಾಯಿತು. ಯಜಮಾನರು ಇನ್ನೊಂದು ಪ್ರಿಂಟ್ ತಂದು ಮುಂದೆ ಇಟ್ಟರು, ತರೀಕೆರೆಯ ಮೇಷ್ಟ್ರು ಪೆನ್ಸಿಲ್ ಇಡುತ್ತಿದ್ದ ಹಾಗೆ. ಕೊನೆಗೆ ಪರವಾಗಿಲ್ಲ ಅನ್ನಿಸಿದ ಮೂರನ್ನು ಗೌರಮ್ಮನ ಮುಂದೆ ಸಾಲಾಗಿ ಇಟ್ಟೆ. ಮೂರೂ ನನ್ನ ಕಣ್ಣಿಗೆ ಒಂದೇ. ಆಕೆ ನಡುವಿನದರ ಮೇಲೆ ಕೈ ಊರಿ, "ಇವ್ನು," ಅಂದರು. ಆ ಪ್ರಿಂಟನ್ನೇ ಮತ್ತೆ ಫೋಟೋ ತೆಗೆದು ಕಾಪಿ ನೆಗೆಟಿವ್ ಮಾಡಿ ಇಟ್ಟೆವು.

ಆಮೇಲೆ ಕಾಲ ಬದಲಾಯಿತು. ಬಣ್ಣದ ಲ್ಯಾಬು ಬಂತು, ಕಂಪ್ಯೂಟರ್ ಬಂತು. ನಾನು ನಲವತ್ತು ದಾಟಿದ ಮೇಲೆ ಮೌಸ್ ಹಿಡಿಯೋಕೆ ಕಲಿತೆ. ಕಷ್ಟವಾಗಲಿಲ್ಲ. ಅದರಲ್ಲಿ ತಪ್ಪು ಮಾಡಿದರೆ ಹಿಂದಕ್ಕೆ ಹೋಗುವ ಒಂದು ಗುಂಡಿ ಇದೆಯಲ್ಲ, ಅದನ್ನು ಮೊದಲ ದಿನ ನೋಡಿ ನಾನು ಎಷ್ಟೋ ಹೊತ್ತು ಸುಮ್ಮನೆ ಒತ್ತುತ್ತ ಕೂತಿದ್ದೆ. ಯಜಮಾನರು ಹೋದರು, ಸಣ್ಣಪ್ಪನವರೂ ಹೋದರು. ನಾನು ಕೆಲಸ ಬಿಟ್ಟು ಎರಡು ವರ್ಷ.

ಕಳೆದ ತಿಂಗಳು ನಾಗರಾಜ ಫೋನ್ ಮಾಡಿದ. ಶಾಲೆಯಲ್ಲಿ ಹೊಸ ಕೊಠಡಿಗೆ ಮಂಜನ ಹೆಸರಿಡುತ್ತಿದ್ದಾರೆ, ದೊಡ್ಡ ಫ್ಲೆಕ್ಸ್ ಮಾಡಿಸೋಕೆ ಕಡೂರಿನ ಅಂಗಡಿಗೆ ಫೋಟೋ ಕೊಟ್ಟೆ, ನಮೂನೆ ಮೊಬೈಲಿಗೆ ಬಂತು ಅಂದ. ಅವ್ವ ಎರಡು ಬೆರಳಿಟ್ಟು ಹುಬ್ಬು ಹಿಗ್ಗಿಸಿ ನೋಡಿ, ವಿಮಲಂಗೆ ಫೋನ್ ಹಚ್ಚು ಅಂದರಂತೆ.

"ಗೆರೆ ಮತ್ತೆ ಹೋಯ್ತಕ್ಕಾ," ಅಂದ.

ಹನ್ನೊಂದರ ಬಸ್ಸಿಗೆ ಕಡೂರಿಗೆ ಹೋದೆ. ಕಂಪ್ಯೂಟರ್ ಮುಂದೆ ಪವಿತ್ರ ಅಂತ ಹುಡುಗಿ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ನಾನೇನೂ ಮಾಡಿಲ್ಲ ಆಂಟಿ, ಹಳೇ ಫೋಟೋ ಹಾಕಿದರೆ ಅದೇ ಕ್ಲೀನ್ ಮಾಡುತ್ತೆ, ಕಲೆ ಎಲ್ಲ ತಾನೇ ತೆಗೆಯುತ್ತೆ ಅಂದಳು. ಹೆದರಿದ್ದಳು. ನಾನು ಬೈಯಲಿಲ್ಲ. ನಾನು ಅರ್ಧ ಗಂಟೆ ಕೂತು ಮಾಡಿದ ತಪ್ಪನ್ನು ಆ ಮೆಷೀನು ಒಂದು ಗಳಿಗೆಯಲ್ಲಿ ಮಾಡಿತ್ತು, ಅಷ್ಟೇ ವ್ಯತ್ಯಾಸ. ಒಳ್ಳೆಯದಾಗಲಿ ಅಂತಲೇ ಇಬ್ಬರೂ ಮಾಡಿದ್ದು.

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಬುಗುರಿಯ ಕಥೆಯನ್ನೆಲ್ಲ ಹೇಳಿದೆ. ಕೇಳಿ ಮುಗಿಸಿ ಅವಳು, ಗೆರೆ ಎಲ್ಲಿ ಬರಬೇಕು ತೋರಿಸಿ ಅಂತ ಮುಖವನ್ನು ನನ್ನ ಕಡೆ ತಿರುಗಿಸಿದಳು. ಗಲ್ಲ ಹಿಡಿದು ಎಡಹುಬ್ಬಿನ ಮೇಲೆ ಹೆಬ್ಬೆರಳು ಓಡಿಸಿ ನಿಲ್ಲಿಸಿದೆ. ಅಳತೆ ನನ್ನ ಬೆರಳಲ್ಲೇ ಇತ್ತು. ಅವಳು ಹಳೇ ಫೋಟೋದಿಂದ ಆ ಹುಬ್ಬನ್ನೇ ಎತ್ತಿ ತಂದು ಕೂರಿಸಿದಳು, ಕೈ ಚುರುಕು ಹುಡುಗಿಯದು. ಮೊಬೈಲಿಗೆ ಕಳಿಸಿದೆವು.

ಹತ್ತು ನಿಮಿಷ ಉತ್ತರ ಇಲ್ಲ. ಪವಿತ್ರ ಎರಡು ಸಲ ಫೋನ್ ನೋಡಿದಳು. ಆಮೇಲೆ ಫೋನ್ ಬಂತು. ಈ ಸಲ ಗೌರಮ್ಮನೇ. ಎಪ್ಪತ್ತೈದು ದಾಟಿದರೂ ದನಿ ಗಟ್ಟಿ.

"ಹುಬ್ಬು ಸರ್ಯಾಯ್ತು ಕಣೇ ವಿಮ್ಲಾ. ನೆತ್ತಿ ಮ್ಯಾಲೆ ಕೂದ್ಲು ಯಾರು ಬಾಚಿದ್ದು? ಅದು ಯಾವತ್ತು ಮಲ್ಗಿತ್ತು?"

ನೋಡಿದೆ. ಹೌದು, ಮೆಷೀನು ಅದನ್ನೂ ನುಣ್ಣಗೆ ಬಾಚಿ ಮಲಗಿಸಿತ್ತು. ನನಗೂ ತಪ್ಪಿಹೋಗಿತ್ತು. ಪವಿತ್ರ ಊಟದ ಡಬ್ಬಿ ತೆಗೆಯೋಕೆ ಎದ್ದಿದ್ದಳು. ಕೂತ್ಕೋ ಮಗಾ ಅಂದೆ. ಕೂತಳು. ಇಬ್ಬರೂ ಸೇರಿ ಆ ಒಂದು ಹಿಡಿ ಕೂದಲನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದೆವು.